ಹಳ್ಳಕ್ಕೆ ಫರಸಿ ಹಾಸಿದವರು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಇದರಲ್ಲಿ ನಡೆದದ್ದೆಷ್ಟು, ನಾನು ಆಮೇಲೆ ಉಪ್ಪುಖಾರ ಹಚ್ಚಿದ್ದೆಷ್ಟು ಎಂಬುದು ನನಗೇ ಸರಿಯಾಗಿ ಗೊತ್ತಿಲ್ಲ. ಒಂದು ಎಮ್ಮೆ ಇತ್ತು. ಒಂದು ಹಳ್ಳ ಇತ್ತು, ಈಗಲೂ ಇದೆ. ನನ್ನ ಸೋದರಮಾವನ ಮನೆಯ ಮುಂದೆ ಎರಡು ಗುಂಡುಗಲ್ಲುಗಳ ಮೇಲೆ ಅಡ್ಡ ಮಲಗಿಸಿದ ಒಂದು ಫರಸಿ ಇದೆ. ನಾವು ಅದರ ಮೇಲೆ ಕಪ್ಪನ್ನೂ ಬಶಿ ಎಂಬ ಸಾಸರನ್ನೂ ಇಟ್ಟು ಚಹ ಕುಡಿಯುತ್ತೇವೆ. ಈ ಮೂರಕ್ಕೆ ನಾನು ಜಾಮೀನು. ಉಳಿದದ್ದನ್ನು ನೀವು ಸ್ವಲ್ಪ ಅನುಮಾನ ಇಟ್ಟುಕೊಂಡೇ ಕೇಳಬೇಕು.

ನಾನು ರಸಾಯನಶಾಸ್ತ್ರ ಓದಿದವನು. ವಿಶ್ವವಿದ್ಯಾಲಯದಲ್ಲಿ ನನಗೆ ಹತ್ತಿದ್ದು ಎರಡೇ ವಿದ್ಯೆ. ಯಾವುದನ್ನೂ ಪರೀಕ್ಷಿಸದೆ ನಂಬಬಾರದು ಎನ್ನುವುದು ಒಂದು; ಕ್ಯಾಂಟೀನಿನಲ್ಲಿ ಒಂದೇ ಚಹದ ಮೇಲೆ ಮೂರು ತಾಸು ಕೂತು, ಎದುರಿಗಿದ್ದವರು ಏನು ಹೇಳಿದರೂ ‘ಪುರಾವೆ ಏನು?’ ಎಂದು ಕೇಳುವುದು ಇನ್ನೊಂದು. ಈಗ ಸೇಡಂನ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ನಮ್ಮ ಮನೆ ಇರುವುದು ಶಹಾಬಾದಿನ ಅಂಚಿಗೆ. ಒಂದು ಕಡೆ ಕೂತಿರಲಾರದ ಜೀವ ನನ್ನದು, ವಾರಕ್ಕೆರಡು ಸಲವಾದರೂ ಸೇಡಂನಲ್ಲಿ ಗಾಡಿ ಹತ್ತಿ, ಚಿತ್ತಾಪುರ ದಾಟಿ, ವಾಡಿಯಲ್ಲಿ ಇಳಿದು, ಇನ್ನೊಂದು ಗಾಡಿ ಹಿಡಿದು ಶಹಾಬಾದಿಗೆ ಬರುತ್ತೇನೆ. ವಾಡಿ ಜಂಕ್ಷನ್ನಿನಲ್ಲಿ ಕಾಯುತ್ತ ಕಳೆದ ಹೊತ್ತನ್ನೆಲ್ಲ ಕೂಡಿಸಿದರೆ ಇನ್ನೊಂದು ಡಿಗ್ರಿ ಆಗುತ್ತಿತ್ತು.

ಫರಸಿ ಎಂದರೆ ನಮ್ಮ ಕಡೆಯ ಹಾಸುಗಲ್ಲು. ಹೊರಗಿನವರು ಅದನ್ನು ‘ಶಹಾಬಾದ್ ಕಲ್ಲು’ ಎಂದು ಮರ್ಯಾದೆಯಿಂದ ಕರೆಯುತ್ತಾರೆ. ನಮಗೆ ಅಷ್ಟು ಮರ್ಯಾದೆ ಕೊಡಲು ಪುರಸತ್ತಿಲ್ಲ, ಯಾಕೆಂದರೆ ನಾವು ಸದಾ ಅದರ ಮೇಲೆಯೇ ಇರುತ್ತೇವೆ. ನೆಲ ಫರಸಿ, ಮಾಳಿಗೆ ಫರಸಿ, ಕಟ್ಟೆ ಫರಸಿ, ಬಚ್ಚಲು ಫರಸಿ. ಹಿತ್ತಲಿಗೆ ಗೋಡೆ ಬೇಕೆಂದರೆ ಉದ್ದುದ್ದ ಕಲ್ಲುಗಳನ್ನು ಸಾಲಾಗಿ ನೆಟ್ಟು ನಿಲ್ಲಿಸಿದರೆ ಮುಗಿಯಿತು. ಬೇಸಿಗೆಯ ಮಧ್ಯಾಹ್ನ ಬರಿಗಾಲಲ್ಲಿ ಅಂಗಳ ದಾಟುವಾಗ ಹಂಚಿನ ಮೇಲಿನ ರೊಟ್ಟಿಗೆ ಹೇಗನಿಸುತ್ತದೆ ಎಂದು ನಮಗೆ ಚಿಕ್ಕಂದಿನಲ್ಲೇ ತಿಳಿದಿತ್ತು. ನಾನು ಲೆಕ್ಕ ಕಲಿತದ್ದು ನಡುಮನೆಯ ಫರಸಿಯ ಮೇಲೆ, ಸುಣ್ಣದ ಬಳಪದಲ್ಲಿ. ತಪ್ಪಿದರೆ ಅವ್ವ ಬೈಯುತ್ತಿರಲಿಲ್ಲ. ಒಂದು ತಂಬಿಗೆ ನೀರು ಸುರುವಿ ಸಾರಿಸಿಬಿಡುತ್ತಿದ್ದಳು. ಹೀಗಾಗಿ ನನ್ನ ಬಾಲ್ಯದ ತಪ್ಪುಗಳಿಗೆ ಯಾವ ದಾಖಲೆಯೂ ಉಳಿದಿಲ್ಲ. ನಾನು ಜಾಣ ಹುಡುಗನಾಗಿದ್ದೆ ಎಂದು ಈಗ ಧೈರ್ಯವಾಗಿ ಹೇಳಿಕೊಳ್ಳುವುದು ಅದೇ ಕಾರಣಕ್ಕೆ.

ನಮ್ಮ ಜನರ ಇನ್ನೊಂದು ರೂಢಿಯನ್ನೂ ಇಲ್ಲೇ ಹೇಳಬೇಕು. ಯಾವುದರ ಮೇಲೆ ಪ್ರೀತಿ ಬಂದರೂ ಅದಕ್ಕೆ ಫರಸಿ ಹಾಸುತ್ತೇವೆ. ದೇವರಿಗೆ ಹರಕೆ ಹೊತ್ತರೆ ‘ಗುಡಿ ಮುಂದ ನಾಕು ಫರಸಿ ಹಾಕಸ್ತೀನಿ’ ಎನ್ನುತ್ತೇವೆ. ಬೇವಿನ ಗಿಡ ಚೆನ್ನಾಗಿ ಬೆಳೆದರೆ ಅದರ ಬುಡದ ಸುತ್ತ ಫರಸಿ. ಗಿಡಕ್ಕೆ ಉಸಿರಾಡಲು ಜಾಗ ಬೇಕೋ ಬೇಡವೋ ಎಂದು ಯಾರೂ ಕೇಳುವುದಿಲ್ಲ. ಗಿಡವೂ ನಮ್ಮ ಊರಿನದೇ ಆದ್ದರಿಂದ ಹೊಂದಿಕೊಂಡು ಹೋಗುತ್ತದೆ.

ಇನ್ನು ಹಳ್ಳ. ನಮ್ಮ ಮನೆ ಹಳ್ಳದ ಈಚೆ, ಅವ್ವನ ತವರುಮನೆ ಆಚೆ. ನಡುವೆ ಹರಿದು ಮುಂದೆ ಕಾಗಿಣಾ ನದಿ ಸೇರುವ ಈ ಸಣ್ಣ ಹಳ್ಳಕ್ಕೆ ಹೆಸರೇ ಇಲ್ಲ, ಬರೀ ‘ಹಳ್ಳ’. ಅದರ ಮರಳಿನಲ್ಲಿ ಕೈಯಿಂದ ಕುಳಿ ತೋಡಿದರೆ ತಿಳಿನೀರು ಒಸರುತ್ತಿತ್ತು. ಕಾಲು ಇಳಿಬಿಟ್ಟು ಕೂತರೆ ಸಣ್ಣ ಮೀನುಗಳು ಬೆರಳು ಕಚ್ಚಿ ಕಚಗುಳಿ ಇಡುತ್ತಿದ್ದವು. ನನ್ನ ನೆನಪಿನಲ್ಲಿ ಆ ಹಳ್ಳ ಮೊಣಕಾಲುದ್ದ. ಮಾವನ ನೆನಪಿನಲ್ಲಿ ಎದೆಯುದ್ದ. ಅವನಿಗಿಂತ ದೊಡ್ಡವಳಾದ ಅವ್ವನನ್ನು ಕೇಳಿದರೆ ಅದರಲ್ಲಿ ಅವಳು ಮುಳುಗಿ ಎದ್ದು ಈಜುತ್ತಿದ್ದಳಂತೆ. ಹಳ್ಳದ ಆಳ ಹೇಳುವವರ ವಯಸ್ಸಿನ ಜೊತೆ ಹೆಚ್ಚುತ್ತದೆ ಎಂಬುದು ನನ್ನ ಸಂಶೋಧನೆ. ಅದನ್ನು ಪ್ರಕಟಿಸಿಲ್ಲ.

ಮಾವ ಶರಣಪ್ಪ ಅವ್ವನ ತಮ್ಮ. ಮನೆಯ ಪಕ್ಕದಲ್ಲೇ ಅವನ ಕಲ್ಲಿನ ಯಾರ್ಡು. ಒರಟು ಕಲ್ಲು ನುಣ್ಣಗಾಗಬೇಕಾದರೆ ಯಂತ್ರದ ಕೆಳಗೆ ನೀರು ಬಿಟ್ಟು ಉಜ್ಜಬೇಕು. ಉಜ್ಜಿದ ಕಲ್ಲಿನ ಹಿಟ್ಟು ನೀರಿಗೆ ಕಲೆತು ಗಟ್ಟಿ ಮಜ್ಜಿಗೆಯ ಹಾಗೆ ಹರಿಯುತ್ತದೆ. ನಾವದನ್ನು ರಾಡಿ ಎನ್ನುತ್ತೇವೆ. ಆ ರಾಡಿ ವರ್ಷಗಟ್ಟಲೆ ಹಳ್ಳಕ್ಕಿಳಿಯಿತು. ಮರಳಿನ ಮೇಲೆ ಕೂತಿತು, ಒಣಗಿತು, ಮತ್ತೆ ಕೂತಿತು. ಮೀನು ಹೋದವು, ಕಪ್ಪೆ ಹೋದವು, ಕಪ್ಪೆಗಾಗಿ ಬರುತ್ತಿದ್ದ ಕೊಕ್ಕರೆ ಹೋದವು. ಹಳ್ಳದ ತಳ ಸುಣ್ಣ ಬಳಿದ ಗೋಡೆಯನ್ನು ಅಡ್ಡ ಮಲಗಿಸಿದ ಹಾಗಾಯಿತು. ಆ ದಂಡೆಗೆ ಇದ್ದದ್ದು ಮಾವನ ಯಾರ್ಡೊಂದೇ, ತಪ್ಪು ಹಂಚಿಕೊಳ್ಳಲು ಬೇರೆ ಯಾರೂ ಇರಲಿಲ್ಲ.

ಹೋದದ್ದೆಲ್ಲ ಹೋಯಿತು ಎಂದು ಊರು ಸುಮ್ಮನಿತ್ತು. ಸುಮ್ಮನಿರದವಳು ಚಂದ್ರಿ. ಕುರಕುಂಟಾದಿಂದ ಅವ್ವ ಕೊಂಡುತಂದ ಎಮ್ಮೆ ಅದು. ಹೊಲದ ಊರಿನಿಂದ ಬಂದದ್ದರಿಂದ ಅದಕ್ಕೆ ನೀರಿನ ವಿಷಯದಲ್ಲಿ ಸ್ವಲ್ಪ ಗತ್ತು ಇತ್ತು. ಒಂದು ಬೇಸಿಗೆ ಅದು ಹಳ್ಳದ ದಂಡೆಗೆ ಹೋಗಿ, ರಾಡಿಯನ್ನು ಮೂಸಿ, ಬುಸ್ ಎಂದು ಮುಖ ತಿರುವಿ, ಸೀದಾ ಹಳೆಯ ಕಲ್ಲಿನ ಖಣಿಯ ಕಡೆ ನಡೆಯಿತು. ಖಣಿಯಲ್ಲಿ ನೀರು ನಿಂತಿತ್ತು. ದಂಡೆ ಕಡಿದು. ಎಮ್ಮೆ ಜಾರಿ ಒಳಗೆ ಬಿತ್ತು. ಹಗ್ಗ ಹಾಕಿ, ಟ್ರ್ಯಾಕ್ಟರ್ ಕಟ್ಟಿ, ಬೈಗುಳದ ಸಮೇತ ಅದನ್ನು ಮೇಲೆ ಎಳೆದರು. ಎಮ್ಮೆಗೇನೂ ಆಗಲಿಲ್ಲ. ಆದದ್ದೆಲ್ಲ ಮಾವನಿಗೆ.

ಅವ್ವ ಕೆಸರು ಸೀರೆಯಲ್ಲೇ ತಮ್ಮನ ಮನೆಗೆ ಹೋದಳು. ಮಾವನ ಹೆಂಡತಿ, ನಮ್ಮ ಅತ್ತಿ, ಹೆದರಿ ಚಹಕ್ಕಿಟ್ಟಳು.

“ಅಕ್ಕಾ, ಕುಂದ್ರು. ಮದ್ಲ ಚಾ ತಗೋ,” ಎಂದ ಮಾವ.

“ಒಲ್ಲೆ.”

“ಯಾಕ, ಸಕ್ರಿ ಕಮ್ಮಿ ಆಗ್ಯದೇನು?”

“ನನ್ನ ಎಮ್ಮಿಗಿ ನೀರಿಲ್ಲದಂಗ ಮಾಡಿ ನನಗ ಚಾ ಕೊಡ್ತಿ? ಕೇಳು ಶರಣ್ಯಾ. ಚಂದ್ರಿ ನಿನ್ನ ಹಳ್ಳಕ್ಕ ಬಾಯಿ ಹಚ್ಚಿದ ದಿನ ನಾ ನಿನ್ನ ಚಾಕ್ಕ ಬಾಯಿ ಹಚ್ಚತೀನಿ. ಅಲ್ಲಿ ತನಾ ನಿನ್ನ ಕಪ್ಪು, ನಿನ್ನ ಬಶಿ, ನಿನ್ನ ಬಲ್ಲೇ ಇರಲಿ.”

“ಹಳ್ಳ ನನ್ನದೇನಕ್ಕಾ?”

“ರಾಡಿ ಯಾರದು?”

ಮಾವ ಚಹದ ಕಪ್ಪನ್ನು ನನ್ನ ಕಡೆ ಸರಿಸಿದ. ಆ ಕಪ್ಪನ್ನು ನಾನೇ ಕುಡಿದೆ ಎಂದು ನೆನಪು.

ಚಹ ಒಲ್ಲೆ ಎಂದರೆ ಏನು ಮಹಾ ಎಂದು ದೂರದವರಿಗೆ ಅನಿಸಬಹುದು. ನಮ್ಮ ಕಡೆ ಮನೆಗೆ ಬಂದವರು ಚಹ ಮುಟ್ಟದೆ ಎದ್ದರೆ ಆ ಮನೆಯವರಿಗೆ ಅಂದು ಊಟ ಸೇರುವುದಿಲ್ಲ. ಅದರಲ್ಲೂ ಒಡಹುಟ್ಟಿದವಳು. ಆ ವರ್ಷ ಪಂಚಮಿಗೆ ಅವ್ವ ತವರಿಗೆ ಹೋದಳು, ಹೋಗದೆ ಇರಲಿಲ್ಲ. ನಾಗಪ್ಪಗೆ ಹಾಲೆರೆದಳು, ಉಂಡಿ ತಿಂದಳು, ಅತ್ತಿ ಕೊಟ್ಟ ಕುಬಸದ ಬಟ್ಟೆ ತಗೊಂಡಳು. ಚಹ ಬಂದಾಗ ಮಾತ್ರ ಕೈಚೀಲದಿಂದ ನೀರಿನ ಬಾಟಲಿ ತೆಗೆದು, ಎಲ್ಲರೂ ನೋಡುವ ಹಾಗೆ ಮುಚ್ಚಳ ತಿರುವಿ, ಗಟಗಟ ಕುಡಿದಳು. ತವರುಮನೆಯ ಪಂಚಮಿಗೆ ಸ್ವಂತ ನೀರು ಕಟ್ಟಿಕೊಂಡು ಹೋದ ಮೊದಲ ಹೆಣ್ಣುಮಗಳು ಅವಳೇ ಇರಬೇಕು. ಇದಕ್ಕೆ ನನ್ನ ಹತ್ತಿರ ಪುರಾವೆ ಇಲ್ಲ.

ಅವ್ವ ಚಹ ಕುಡಿಯುವುದು ಬಶಿಯಲ್ಲಿ ಸುರುವಿಕೊಂಡು. ಅವಳು ಬಶಿ ಎತ್ತಿ ‘ಸುರ್ರ್’ ಎಂದರೆ ಪ್ಯಾಸೆಂಜರ್ ಗಾಡಿ ಸ್ಟೇಷನ್ನಿನಲ್ಲಿ ಬ್ರೇಕು ಹಾಕಿದಂತಿರುತ್ತದೆ. ಮಾವ ಜೀವಮಾನವಿಡೀ ಆ ಸಪ್ಪಳಕ್ಕೆ ಅವಳನ್ನು ಕಾಡಿದವನು. ಆ ಪಂಚಮಿಯ ಮರುದಿನ ನನ್ನನ್ನು ಯಾರ್ಡಿಗೆ ಕರೆದು, ಯಂತ್ರ ನಿಲ್ಲಿಸಿ, ಸಣ್ಣ ದನಿಯಲ್ಲಿ ಹೇಳಿದ:

“ಸಿದ್ದೂ, ಆ ಸುರ್ ಅನ್ನೋ ಸಪ್ಪಳ ಇಲ್ಲದ ಚಾ ಚಾ ಅನಸವಲ್ದೋ. ಏನರ ಮಾಡು. ಭಾಳ ಓದೀದಿ ಅಂತಾರ.”

ಹೀಗೆ ನಾನು ಒಂದು ಹಳ್ಳವನ್ನು ರಿಪೇರಿ ಮಾಡುವ ಕೆಲಸಕ್ಕೆ ಬಿದ್ದೆ.

ಮೊದಲ ಅರ್ಧ ಕೆಲಸ ನಾವು ಸರಿಯಾಗಿಯೇ ಮಾಡಿದೆವು. ಯಾರ್ಡಿನ ಹಿಂದೆ ಒಂದರ ಕೆಳಗೊಂದು ಮೂರು ಹೊಂಡ ತೋಡಿಸಿದ ಮಾವ. ರಾಡಿ ಮೊದಲನೆಯದರಲ್ಲಿ ಕೂತು, ಎರಡನೆಯದರಲ್ಲಿ ಇನ್ನಷ್ಟು ಕೂತು, ಮೂರನೆಯದರಿಂದ ತಿಳಿನೀರು ತಿರುಗಿ ಯಂತ್ರಕ್ಕೇ ಬರುವಂತೆ ಪೈಪು ಹಾಕಿದ. ಕೂತ ಹಿಟ್ಟನ್ನು ಇಟ್ಟಂಗಿ ಮಾಡುವವರು ಒಯ್ಯತೊಡಗಿದರು. ಆಮೇಲೆ ಜೆಸಿಬಿ ತರಿಸಿ ಹಳ್ಳದ ತಳದ ಗಟ್ಟಿ ಪದರನ್ನೆಲ್ಲ ಕೆರೆದು ತೆಗೆಸಿದ. ಕೆರೆದ ಮೇಲೆ ಹಳ್ಳ ಈಗಷ್ಟೇ ಕ್ಷೌರ ಮಾಡಿಸಿಕೊಂಡ ತಲೆಯ ಹಾಗೆ ಬೋಳು. ನೋಡಲು ಒಂಥರಾ ನಾಚಿಕೆ. ಆಗ ಬೇವಿನ ಗಿಡದ ಕೆಳಗೆ ನಾನೂ ಮಾವನೂ ಕೂತು ಮುಂದೇನು ಎಂದು ಮಾತಾಡಿದೆವು. ಅಲ್ಲೇ, ನನ್ನ ನೆನಪಿನ ಪ್ರಕಾರ, ಮಾವ ತೊಡೆ ತಟ್ಟಿ ಎದ್ದು ನಿಂತು “ಫರಸಿ ಹಾಸಿಬಿಡೂಣು!” ಎಂದ.

ಈ ದೃಶ್ಯ ನನಗೆ ಎಷ್ಟು ಸ್ಪಷ್ಟ ಎಂದರೆ ಅವನ ಅಂಗಿಯ ಬಣ್ಣ ಕೂಡ ಹೇಳಬಲ್ಲೆ. ನಮ್ಮ ಜನಕ್ಕೆ ವೈಜ್ಞಾನಿಕ ತಿಳಿವಳಿಕೆ ಎಷ್ಟು ಕಡಿಮೆ ಎಂಬುದಕ್ಕೆ ನಾನು ತರಗತಿಯಲ್ಲಿ ಇದನ್ನೇ ಉದಾಹರಣೆ ಕೊಡುತ್ತಿದ್ದೆ. ಮಕ್ಕಳು ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಹಾಸಿದೆವು. ಹೇಗೆ ಹಾಸಿದೆವು ಅಂತೀರಿ! ಯಾರ್ಡಿನಲ್ಲಿದ್ದ ಎಲ್ಲಕ್ಕಿಂತ ಒಳ್ಳೆಯ ಕಲ್ಲು, ಮುಖ ನೋಡಿಕೊಳ್ಳಬಹುದಾದಷ್ಟು ಪಾಲಿಶು. ದಂಡೆಯಿಂದ ದಂಡೆಗೆ, ನೂರು ಹೆಜ್ಜೆ ಉದ್ದ, ನಡುವೆ ಇರುವೆ ಹೋಗದಂತೆ ಸಿಮೆಂಟು. ಮಾವ ಸ್ವಂತ ಮನೆ ಕಟ್ಟಿಸುವಾಗಲೂ ಇಷ್ಟು ಮುತುವರ್ಜಿ ವಹಿಸಿರಲಿಲ್ಲ. ಮೇಲೆ ತಡೆದಿಟ್ಟಿದ್ದ ಹಳ್ಳದ ನೀರು ಬಿಟ್ಟಾಗ ಅದು ತಟ್ಟೆಯ ಮೇಲೆ ಚೆಲ್ಲಿದ ಹಾಗೆ ತೆಳ್ಳಗೆ, ಹೊಳೆಯುತ್ತ, ಎಲ್ಲೂ ನಿಲ್ಲದೆ ಓಡಿತು. ನಾನು ಗಾಜಿನ ಬಾಟಲಿಯಲ್ಲಿ ತುಂಬಿ ಬಿಸಿಲಿಗೆ ಹಿಡಿದು ನೋಡಿದೆ. ತಿಳಿ ಅಂದರೆ ತಿಳಿ.

ಮಳೆಗಾಲಕ್ಕೆ ಮುಂಚೆ ಒಂದು ಮುಂಜಾನೆ ಅವ್ವನಿಗೂ ಚಂದ್ರಿಗೂ ಆಮಂತ್ರಣ ಹೋಯಿತು. ಅತ್ತಿ ಕಿಟಲಿಯಲ್ಲಿ ಚಹ ಮಾಡಿಕೊಂಡು ದಂಡೆಗೇ ತಂದಿದ್ದಳು, ಎಮ್ಮೆ ಬಾಯಿ ಹಚ್ಚಿದ ಕೂಡಲೇ ಕೊಡಲಿಕ್ಕೆ. ಮಾವ ಕಾಯಿ ಒಡೆದ. ಕಾಯಿಯ ನೀರು ಪಾಲಿಶ್ ಕಲ್ಲಿನ ಮೇಲೆಯೇ ಚೆಲ್ಲಿತು. ಚಂದ್ರಿ ಬಂದಳು. ಮುಂದಿನ ಎರಡು ಕಾಲು ಇಟ್ಟಳು. ಒಂದು ಶಹಾಬಾದಿನ ಕಡೆ ಹೋಯಿತು, ಇನ್ನೊಂದು ವಾಡಿಯ ಕಡೆ. ಹಿಂದಿನ ಕಾಲು ಏನು ಮಾಡಬೇಕೆಂದು ತಿಳಿಯದೆ ಅಲ್ಲೇ ಮಡಚಿಕೊಂಡವು. ನಮ್ಮ ಮುಖ್ಯ ಅತಿಥಿ ಧಪ್ಪನೆ ಕುಂಡಿಯ ಮೇಲೆ ಕೂತು, ಹಾಗೇ ಸ್ವಲ್ಪ ದೂರ ಜಾರಿಕೊಂಡು ಹೋಗಿ, ಎಲ್ಲರ ಕಡೆ ಒಮ್ಮೆ ನೋಡಿದಳು. ಎಮ್ಮೆಗೆ ಅಷ್ಟು ಅವಮಾನ ಆಗಬಲ್ಲದು ಎಂದು ನನಗೆ ಗೊತ್ತಿರಲಿಲ್ಲ.

ಯಾರೂ ನಗಲಿಲ್ಲ. ಅಂದರೆ, ಅವ್ವ ಇದ್ದದ್ದರಿಂದ ನಗಲಿಲ್ಲ.

“ಶರಣ್ಯಾ,” ಎಂದಳು ಅವ್ವ, ಭಾಳ ಶಾಂತವಾಗಿ. “ಇದು ಹಳ್ಳ ಏನೋ? ನಿಮ್ಮ ಮನಿ ಬಚ್ಚಲ ಅದ. ಒಂದು ನಳ ಹಚ್ಚಿಬಿಡು, ಊರ ಮಂದಿ ಬಂದು ಮೈ ತೊಳಕೊಂಡು ಹೋಗ್ಲಿ.”

“ಅಕ್ಕಾ, ನೀರು ನೋಡು, ಎಷ್ಟು ತಿಳಿ ಅದ...”

“ಬಚ್ಚಲದ ನೀರೂ ತಿಳೀನೇ ಇರ್ತದ ಮದ್ಲ. ಒಂದು ಕಪ್ಪಿ ಅದ? ಒಂದು ಹುಳ ಅದ? ಹುಳಕ್ಕ ಬ್ಯಾಡಾದ ನೀರು ನನ್ನ ಎಮ್ಮಿಗಿ ಯಾಕ ಬೇಕು? ಯಾರ ಬುದ್ಧಿ ಇದು?”

ಮಾವ ಒಂದು ಗಳಿಗೆ ನನ್ನ ಕಡೆ ನೋಡಿದ. ನಾನು ಆಗ ಎಮ್ಮೆಯ ಕಡೆ ನೋಡುತ್ತಿದ್ದೆ ಎಂದು ನನ್ನ ನೆನಪು.

“ನಂದೇ ಅಕ್ಕಾ,” ಎಂದ.

“ಬುದ್ಧಿ ನಿಂದಾದ್ರ ಶಿಕ್ಷಾನೂ ನಿಂದೇ. ಇನ್ನ ಈ ಪಂಚಮೀದು ಬಿಡು. ಮುಂದಿನ ಪಂಚಮಿ ತನಾ, ಎಮ್ಮಿ ಕುಡೀಲಿ ಬಿಡಲಿ, ನನ್ನ ಮುಂದ ಚಾದ ಹೆಸರು ತೆಗೀಬ್ಯಾಡ.”

ಅತ್ತಿ ಕಿಟಲಿ ಎತ್ತಿಕೊಂಡು ಒಳಗೆ ಹೋದಳು. ಮಾವ ಒದ್ದೆ ಕಲ್ಲಿನ ಮೇಲೆ ಬಿದ್ದಿದ್ದ ಕಾಯಿಯ ಹೋಳುಗಳನ್ನು ಒಂದೊಂದಾಗಿ ಆರಿಸಿಕೊಂಡ. ತಗ್ಗಿದ ಅವನ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು.

ಆ ಮಳೆಗಾಲ ಫರಸಿಯ ಮೇಲೆ ಪಾಚಿ ಬಂತು, ಇನ್ನೇನೂ ಬರಲಿಲ್ಲ. ಪಂಚಮಿಗೆ ಅವ್ವನ ಜೊತೆ ಬಾಟಲಿ ಬಂತು. ಈ ಸಲ ದೊಡ್ಡದು.

ನನಗೆ ಮನಸ್ಸಿಗೆ ಕಿರಿಕಿರಿಯಾದಾಗ ಬಸ್ಸು ಹತ್ತುವ ಚಟ. ಸೇಡಂನಿಂದ ಚಿಂಚೋಳಿಗೆ ಹೋದೆ, ಅಲ್ಲಿಂದ ಮುಂದೆ ಕಾಡಿನ ಕಡೆ. ಯಾಕೆ ಹೋದೆ ಎಂದು ಕೇಳಬೇಡಿ. ಒಳ್ಳೆಯ ಹಳ್ಳ ಹೇಗಿರುತ್ತದೆ ಎಂದು ನೋಡಲು ಹೋದೆ ಎಂದು ಈಗ ಹೇಳುತ್ತೇನೆ, ಆದರೆ ಆ ದಿನ ಕಾಲೇಜಿನಲ್ಲಿ ಮೀಟಿಂಗ್ ಇತ್ತು ಎಂಬುದೂ ನಿಜ. ಅಲ್ಲಿ ಕಾಡು ಕಾಯುವ ನರಸಪ್ಪ ಸಿಕ್ಕ. ತೆಲುಗು ಸೀಮೆಗೆ ಅಂಟಿಕೊಂಡ ಊರಿನವನು, ಅರ್ಧ ಮಾತು ಆಚೆಯದು.

“ಏಮಿ ಸಾರು, ಒಬ್ಬರೇ ಬಂದೀರಿ? ನೀರಿನ ಮುಂದ ಕುಂತು ಅರ್ಧ ತಾಸಾತು. ಏನರ ಬಿದ್ದದೇನ್ರಿ ಒಳಗ?”

“ಏನಿಲ್ಲಪ್ಪ. ಹಳ್ಳ ನೋಡ್ಲಿಕತ್ತೀನಿ. ನಮ್ಮ ಕಡಿ ಒಂದು ಹಳ್ಳ ಕೆಟ್ಟದ. ಏನು ಮಾಡಿದ್ರ ಹಿಂಗ ಆಗ್ತದ ಅಂತ.”

“ಇದಕ್ಕ ಯಾರೂ ಏನೂ ಮಾಡಿಲ್ರಿ ಸಾರು. ಅದಕ್ಕೇ ಹಿಂಗದ.” ನರಸಪ್ಪ ಬೀಡಿ ಕಿವಿಗೆ ಸಿಕ್ಕಿಸಿ ನೀರಿಗಿಳಿದ. “ಕಲ್ಲಿನ ಮ್ಯಾಲ ಏನು ನೋಡ್ತೀರಿ? ತಿರುವಿ ನೋಡ್ರಿ.”

ಅವನು ಒಂದು ಒರಟು ಕಲ್ಲನ್ನು ಎತ್ತಿ ಬೋರಲು ಮಾಡಿದ. ಅದರ ಹೊಟ್ಟೆಯ ತುಂಬ ಸಂಸಾರಗಳು. ಅಕ್ಕಿಕಾಳಿನಂಥ ಬಸವನಹುಳ, ಮರಳಿನ ಕಣ ಅಂಟಿಸಿಕೊಂಡು ಕೊಳವೆ ಮಾಡಿಕೊಂಡ ಹುಳ, ಬಾಲಕ್ಕೆ ಮೂರು ಎಳೆ ಇರುವ ಚಪ್ಪಟೆ ಮರಿಹುಳು, ಒಂದು ಸಣ್ಣ ಏಡಿ. ಏಡಿ ನನ್ನನ್ನು ನೋಡಿ ಕೈ ಎತ್ತಿತು. ಪ್ರಶ್ನೆ ಕೇಳುವ ವಿದ್ಯಾರ್ಥಿಯ ಹಾಗೆ.

“ಇವು ಪಾಚಿ, ಕಸ ತಿಂದು ನೀರು ಚೊಕ್ಕ ಇಡ್ತಾವ್ರಿ. ಇವುಗಳನ್ನ ತಿನ್ನಲಿಕ್ಕ ಮೀನ. ಇವಕ್ಕ ಮನಿ ಬೇಕಲ್ರಿ, ಕಲ್ಲಿನ ಸಂದಿ ಬೇಕು, ಜೊಂಡಿನ ಬುಡ ಬೇಕು,” ಎಂದ. ಆಮೇಲೆ ಕಲ್ಲನ್ನು ಮೊದಲಿದ್ದ ಹಾಗೆಯೇ, ಅದೇ ಜಾಗಕ್ಕೆ, ಅದೇ ಓರೆಗೆ ಇಟ್ಟ. ಪಕ್ಕದ ಮನೆಯ ಬಾಗಿಲು ಸಪ್ಪಳ ಮಾಡದೆ ಮುಚ್ಚಿ ಬಂದಂತೆ.

ನಮ್ಮ ಹಳ್ಳದಲ್ಲಿ ನೂರು ಹೆಜ್ಜೆ ಉದ್ದಕ್ಕೂ ಕಲ್ಲಿತ್ತು, ಒಂದು ಕಲ್ಲಿಗೂ ಕೆಳಗೆ ಎಂಬುದಿರಲಿಲ್ಲ. ಬಸ್ಸಿನಲ್ಲಿ ಬರುತ್ತ ಮಾವನಿಗೆ ಇದನ್ನು ಹೇಗೆ ಹೇಳುವುದೆಂದು ನಾಲ್ಕು ಥರ ವಾಕ್ಯ ಕಟ್ಟಿದೆ. ಕೊನೆಗೆ ಹೇಳಿದ್ದು ಐದನೆಯದು:

“ಮಾವಾ, ಎಲ್ಲಾ ಒಡೀಬೇಕು.”

ಮಾವ ಬಗ್ಗಿ ಹಳ್ಳದ ಫರಸಿಯ ಮೇಲೆ ಅಂಗೈ ಆಡಿಸಿದ. “ನಲವತ್ತು ವರ್ಷ ಒರಟಂದು ನುಣ್ಣಗ ಮಾಡೀನಿ. ಈಗ ನುಣ್ಣಂದು ಒರಟ ಮಾಡು ಅಂತಿ. ನಿಮ್ಮ ಯುನಿವರ್ಸಿಟ್ಯಾಗ ಇದಕ್ಕೂ ಪಾಸ್ ಮಾಡ್ತಾರೇನು?”

“ಚಂದ್ರಿ ಪಾಸ್ ಮಾಡ್ಬೇಕು.”

“ಅಕ್ಕನ ಎಮ್ಮಿ ಪರೀಕ್ಷಾದಾಗ ನಾ ಎಷ್ಟು ಸಲ ಕುಂದರ್ಬೇಕಪಾ,” ಎಂದು ಸುತ್ತಿಗೆ ಎತ್ತಿಕೊಂಡ.

ಮೊದಲ ಕಲ್ಲಿಗೆ ಅವನ ಕೈ ಏಳಲಿಲ್ಲ. ಆಳುಗಳು ಒಡೆಯುತ್ತೇವೆಂದರೂ ಬಿಡಲಿಲ್ಲ. ಕಣ್ಣು ಮುಚ್ಚಿ ಒಂದು ಏಟು ಹಾಕಿದ. ಎರಡನೆಯದಕ್ಕೆ ಕಣ್ಣು ತೆರೆದಿತ್ತು. ಹತ್ತನೆಯದಕ್ಕೆ ಹಾಡು ಗುನುಗುತ್ತಿದ್ದ. ಒಡೆದ ಟುಕಡಿಗಳನ್ನೂ ಯಾರ್ಡಿನ ಮೂಲೆಯಲ್ಲಿ ಗುಡ್ಡೆ ಬಿದ್ದಿದ್ದ ಒರಟು ಚೂರುಗಳನ್ನೂ ಹಳ್ಳದೊಳಗೆ ಓರೆಕೋರೆಯಾಗಿ, ಸಂದಿ ಬಿಟ್ಟು, ನೀರು ಅಲ್ಲಲ್ಲಿ ತಡೆದು ಗುಂಡಿಯಾಗುವಂತೆ ಜೋಡಿಸಿದೆವು. ಸಾಲು ನೆಟ್ಟಗಾದರೆ ನಾನು ಬೈಯುತ್ತಿದ್ದೆ. ಕಲ್ಲುಗಾರನಿಗೆ ಸೊಟ್ಟ ಇಡುವುದು ಕಲಿಸುವಷ್ಟು ಕಷ್ಟ ಇನ್ನೊಂದಿಲ್ಲ. ಮಾವನ ಕೈ ತಾನೇ ತಾನಾಗಿ ಸೂತದ ದಾರ ಹಿಡಿದಂತೆ ನೇರಕ್ಕೆ ಹೋಗುತ್ತಿತ್ತು.

ಒಂದು ಕಲ್ಲನ್ನು ಮಾತ್ರ ಅವನು ಒಡೆಯಲಿಲ್ಲ. ಹಾಸಿ ಉಳಿದು ಯಾರ್ಡಿನ ಗೋಡೆಗೆ ಒರಗಿ ನಿಂತಿದ್ದದ್ದು. “ಇದು ನನಗಿರ್ಲಿ, ಚಾ ಕುಡೀಲಿಕ್ಕ,” ಎಂದು ಪಾಲಿಶ್ ಮುಖ ಮೇಲೆ ಮಾಡಿ ಮನೆಯ ಮುಂದೆ ಹಾಕಿಸಿದ. ಅದನ್ನು ಯಾರಿಗೂ ಸರಿಸಲು ಬಿಡುತ್ತಿರಲಿಲ್ಲ. ಕುಶಲಕರ್ಮಿಗೆ ತನ್ನ ಕೆಲಸದ ಮೇಲೆ ಮೋಹ ಎಂದು ನಾನು ತಿಳಿದುಕೊಂಡೆ. ತರಗತಿಯಲ್ಲಿ ಅದನ್ನೂ ಹೇಳಿದೆ.

ಜೊಂಡು ತರುವುದು ನನ್ನ ಪಾಲಿಗೆ ಬಂತು. ಸೇಡಂನಲ್ಲಿ ಕಾಗಿಣಾದ ದಂಡೆಯಿಂದ ಬೇರುಸಮೇತ ಕಿತ್ತು, ಒದ್ದೆ ಗೋಣಿಚೀಲದಲ್ಲಿ ಕಟ್ಟಿ ಗಾಡಿ ಹತ್ತಿದೆ. ಚಿತ್ತಾಪುರದಲ್ಲಿ ಹತ್ತಿದ ಒಬ್ಬ ಮುದುಕಿ ಎದುರು ಕೂತು, ಚೀಲದಿಂದ ಸೋರಿ ತನ್ನ ಕಾಲಿನ ತನಕ ಬಂದ ಕೆಸರುನೀರನ್ನು ನೋಡಿದಳು.

“ಇದೇನಪಾ, ತಿನ್ನೋದೇನು?”

“ಅಲ್ಲಬೇ. ಜೊಂಡು. ಹಳ್ಳದಾಗ ಹಚ್ಚೋದು.”

“ಹಳ್ಳದಾಗ ಅದು ತಾನೇ ಬೆಳೀತದಲ್ಲ?”

“ನಮ್ಮ ಹಳ್ಳದಾಗ ಬೆಳೀಲಿಲ್ಲ.”

“ಯಾಕ?”

“ಫರಸಿ ಹಾಸಿದ್ವಿ.”

ಮುದುಕಿ ನನ್ನ ಮುಖ ನೋಡಿದಳು, ಚೀಲ ನೋಡಿದಳು, ತನ್ನ ಗಂಟು ಎತ್ತಿಕೊಂಡು ಬೇರೆ ಸೀಟಿಗೆ ಹೋಗಿ ಕೂತಳು.

ಆಮೇಲಿನದು ಕಾಯುವ ಕೆಲಸ. ಅದು ನನಗೆ ಬರದ ಕೆಲಸ. ಒಂದು ಅಕಾಲ ಮಳೆಗೆ ಟುಕಡಿಗಳು ಅರ್ಧ ಕೊಚ್ಚಿಕೊಂಡು ಹೋದವು, ಮತ್ತೆ ಇಟ್ಟೆವು. ಹಚ್ಚಿದ ಜೊಂಡು ಮೊದಲು ಒಣಗಿ ಹಳದಿಯಾಯಿತು, ನಾನು ಆಸೆ ಬಿಟ್ಟ ಮೇಲೆ ಬುಡದಲ್ಲಿ ಹಸಿರು ಚುಚ್ಚಿತು. ಪ್ರತಿ ವಾರ ಬಂದು ಕಲ್ಲು ತಿರುವಿ ನೋಡುತ್ತಿದ್ದೆ, ನರಸಪ್ಪನ ಹಾಗೆ ತಿರುಗಿ ಇಡುತ್ತಿದ್ದೆ. ಏನೂ ಇಲ್ಲ. ಏನೂ ಇಲ್ಲ. ಒಂದು ವಾರ ಒಂದು ಬಸವನಹುಳ. ನಾನೂ ಮಾವನೂ ಅದನ್ನು ನೋಡುತ್ತ ಕೂತ ರೀತಿ ನೋಡಿದ್ದರೆ ನೀವು ಮನೆಯಲ್ಲಿ ಕೂಸು ಹುಟ್ಟಿದೆ ಎಂದುಕೊಳ್ಳುತ್ತಿದ್ದಿರಿ. ಮುಂಗಾರಿನಲ್ಲಿ ಕಪ್ಪೆ ವಟಗುಟ್ಟಿತು. ಕಾಗಿಣಾದಿಂದ ಏರಿ ಬಂದ ಸಣ್ಣ ಮೀನು ಸಂದಿಗಳಲ್ಲಿ ಸುಳಿದವು. ನಾನು ನೀರು ಪರೀಕ್ಷಿಸುವ ಕಾಗದದ ಪಟ್ಟಿ ಅದ್ದಿ, ಬಣ್ಣ ಹೋಲಿಸಿ, ಅವ್ವನ ಮುಂದೆ ಹಿಡಿದೆ.

“ನೋಡಬೇ, ನೀರು ಸುಧಾರಿಸ್ಯದ.”

“ನಿನ್ನ ಕಾಗದ ಕುಡೀತದೇನು ನೀರು?” ಎಂದು ಅವ್ವ ಸಗಣಿ ಬಳಿಯುವುದನ್ನು ಮುಂದುವರಿಸಿದಳು.

ಚಂದ್ರಿ ಹಳ್ಳಕ್ಕೆ ಬಾಯಿ ಹಚ್ಚಿದ್ದು ನನಗೆ ಕಣ್ಣಿಗೆ ಕಟ್ಟಿದಂತಿದೆ. ಸಂಜೆ. ಜೊಂಡಿನ ಮೇಲೆ ಓರೆ ಬಿಸಿಲು. ಎಮ್ಮೆ ಟುಕಡಿಗಳ ಮೇಲೆ ಜಾರದೆ ಒಂದೊಂದೇ ಹೆಜ್ಜೆ ಇಟ್ಟು ಇಳಿದು, ಮೂಸಿ, ಕಿವಿ ಅಲುಗಿಸಿ, ಉದ್ದಕ್ಕೆ ನೀರೆಳೆಯಿತು. ನಾನು ದಂಡೆಯ ಮೇಲಿದ್ದೆ. ಇದನ್ನು ಎಷ್ಟೋ ಜನರಿಗೆ ಹೇಳಿದ್ದೇನೆ. ತೊಂದರೆ ಏನೆಂದರೆ ಆ ದಿನ ನಾನು ಸೇಡಂನಲ್ಲಿ ಪಾಠ ಹೇಳುತ್ತಿದ್ದೆ ಎಂದು ಕಾಲೇಜಿನ ಹಾಜರಿ ಪುಸ್ತಕ ಹೇಳುತ್ತದೆ. ಆ ದಿನ ಯಾವುದು ಎಂಬುದೂ ನನಗೆ ಗೊತ್ತಾದದ್ದು ಪಂಚಮಿಯಲ್ಲಿ.

ಪಂಚಮಿಯ ಮುಂಜಾನೆ ಮಾವ ಕಟ್ಟೆಯ ಮೇಲೆ ಕೂತು ಹಳ್ಳದ ದಾರಿ ನೋಡುತ್ತಿದ್ದ. ಅವ್ವ ಹಳ್ಳ ದಾಟಿ ಬಂದಳು. ಅವನು ಮೊದಲು ನೋಡಿದ್ದು ಅವಳ ಮುಖ ಅಲ್ಲ, ಕೈ. ಕೈಚೀಲ ಇರಲಿಲ್ಲ. ಬಾಟಲಿಯೂ ಇರಲಿಲ್ಲ. ಮಾವ ಎದ್ದು ನಿಂತ, ಕೂತ, ಮತ್ತೆ ಎದ್ದ.

“ಏನು ಡೊಂಬರಾಟ ಹಚ್ಚೀದಿ?” ಎಂದಳು ಅವ್ವ. “ಚಾ ಇಡಂತ ಹೇಳು.”

“ಅಕ್ಕಾ... ಚಂದ್ರಿ ಕುಡದ್ಳ?”

“ಅಮಾಸಿ ದಿನಾನೇ ಕುಡದಾಳ. ಅವತ್ತಿಂದ ದಿನಾ ಎರಡು ಹೊತ್ತು ಜೊಂಡಿನ ಹಿಂದೇ ಬೀಳ್ತಾಳ. ಎಬ್ಬಿಸಿ ತರೋದ್ರಾಗ ನನ್ನ ಸೊಂಟ ಬಿದ್ದು ಹೋಗ್ಯದ.”

“ಐದು ದಿನ ಆತು! ಹೇಳಬಾರ್ದೇನು?”

“ಪಂಚಮಿ ತನಾ ಅಂದಿದ್ನಲ್ಲ. ಮಾತಂದ್ರ ಮಾತು.”

ಒಡೆಯದೆ ಉಳಿಸಿದ ಆ ಫರಸಿಯ ಮೇಲೆ ಅತ್ತಿ ಚಹ ತಂದಿಟ್ಟಳು. ಅವ್ವ ಬಶಿಗೆ ಸುರುವಿ ಎತ್ತಿದಳು. ಮಾವ ತನ್ನ ಕಪ್ಪು ಕೆಳಗಿಟ್ಟು ಅವಳ ಕಡೆ ಕಿವಿ ಕೊಟ್ಟ. ಸುರ್ರ್. ಪ್ಯಾಸೆಂಜರ್ ಗಾಡಿ ನಿಂತಿತು. ಅವನು ಆ ಕಡೆ ಮುಖ ಮಾಡಿ ಹೆಗಲ ಮೇಲಿನ ಟವೆಲ್ಲಿನಿಂದ ಕಣ್ಣು ಒರೆಸಿಕೊಂಡು, “ನೋಡ್ರಿ, ಊರಿಗೆಲ್ಲ ಕೇಳಸ್ತು,” ಎಂದ.

“ಹಳ್ಳಕ್ಕ ಫರಸಿ ಹಾಸಿದ ಶಾಣ್ಯಾ,” ಎಂದಳು ಅವ್ವ, “ಇನ್ನೊಂದು ಬಶಿ ಹಾಕು.”

ಮಾವ ಆ ಕಲ್ಲನ್ನು ಅಂಗೈಯಿಂದ ಎರಡು ಸಲ ತಟ್ಟಿ ನಕ್ಕ. ನಾನೂ ನಕ್ಕೆ, ಎಲ್ಲರಿಗಿಂತ ಜೋರಾಗಿ.

ಹಾಜರಿ ಪುಸ್ತಕದ ವಿಷಯ ತಿಳಿದ ಮೇಲೆ ನನ್ನ ನಿದ್ದೆ ಕೆಟ್ಟಿತು. ಓರೆ ಬಿಸಿಲು, ಕಿವಿ ಅಲುಗಿಸಿದ್ದು, ಎಲ್ಲ ಇದ್ದೂ ನಾನೇ ಅಲ್ಲಿರಲಿಲ್ಲ ಎಂದರೆ, ಬೇವಿನ ಗಿಡದ ಕೆಳಗೆ ಮಾವ ತೊಡೆ ತಟ್ಟಿ ಎದ್ದದ್ದರ ಕಥೆ ಏನು? ಅವನನ್ನು ಕೇಳಿದೆ. “ನಂದೇ ಬುದ್ಧಿ ಬಿಡಪಾ, ಆಗಿ ಹೋದ ಮಾತು,” ಎಂದ. ಆದರೆ ಆ ದಿನ ಅವನು ಹಾಕಿಕೊಂಡಿದ್ದ ಎಂದು ನಾನು ಹೇಳಿದ ಬಣ್ಣದ ಅಂಗಿ ತನ್ನ ಹತ್ತಿರ ಎಂದೂ ಇರಲೇ ಇಲ್ಲ ಎಂದ.

ಮೊನ್ನೆ ಮಳೆಗೆ ಆ ಚಹದ ಕಲ್ಲಿನ ಒಂದು ಕಾಲು ಹೂತು, ಕಪ್ಪು ಇಟ್ಟರೆ ಜಾರುವಂತಾಯಿತು. ಮಾವನೂ ಅತ್ತಿಯೂ ಚಿತ್ತಾಪುರಕ್ಕೆ ಮದುವೆಗೆ ಹೋಗಿದ್ದರು. ಸರಿಮಾಡೋಣವೆಂದು ಯಾರ್ಡಿನ ಒಬ್ಬ ಆಳನ್ನು ಕರೆದು ಕಲ್ಲನ್ನು ಎತ್ತಿಸಿ ಗೋಡೆಗೆ ಒರಗಿಸಿದೆ. ಗುಂಡುಗಲ್ಲಿನ ಕೆಳಗೆ ಚೂರು ಹೆಟ್ಟಿದೆ. ಇನ್ನೇನು ಮರಳಿ ಇಡಬೇಕು, ಆಗ ನರಸಪ್ಪ ನೆನಪಾದ. ಕಲ್ಲಿನ ಆಚೆ ಮಗ್ಗುಲಿಗೆ ಹೋಗಿ ಬಗ್ಗಿ ನೋಡಿದೆ.

ಒರಟು ಮುಖದ ಮೇಲೆ, ಯಾರ್ಡಿನಲ್ಲಿ ಅಳತೆ ಗುರುತು ಹಾಕುವ ಕೆಂಪು ಬಣ್ಣದಲ್ಲಿ, ಹಳ್ಳದ ನಕ್ಷೆ ಇತ್ತು. ಎರಡು ದಂಡೆ, ನೂರು ಹೆಜ್ಜೆ, ಇಳಿಜಾರಿಗೆ ಬಾಣದ ಗುರುತು, ಕಲ್ಲಿನ ಸಾಲುಗಳಿಗೆ ಗೆರೆ. ಮೇಲೆ ‘ಹಳ್ಳಕ್ಕೆ ಫರಸಿ ಹಾಸುವ ಯೋಜನೆ’ ಎಂಬ ತಲೆಬರಹ. ಕೆಳಗೆ ‘ಸಿದ್ದಣ್ಣ, ಎಂ.ಎಸ್ಸಿ.’ ಎಂದು ಸಹಿ, ಸಹಿಯ ಕೆಳಗೆ ಎರಡು ಗೆರೆ. ಇದನ್ನು ಯಾರೂ ತಂಬಿಗೆ ನೀರು ಸುರುವಿ ಸಾರಿಸಿರಲಿಲ್ಲ.

ಅಕ್ಷರ ಬೇರೆಯವರದೂ ಇರಬಹುದಲ್ಲ ಎಂದು ವಾದ ಮಾಡಿಕೊಂಡೆ. ಮನೆಗೆ ಹೋಗಿ ಆ ವರ್ಷದ ನನ್ನ ನೋಟುಬುಕ್ಕು ತಂದು ಪಕ್ಕಕ್ಕಿಟ್ಟು ನೋಡಿದೆ. ಆಮೇಲೆ ಕಲ್ಲನ್ನು ಮೊದಲಿದ್ದ ಜಾಗಕ್ಕೆ, ಮೊದಲಿದ್ದ ಹಾಗೆಯೇ ಇಡಿಸಿದೆ.

ಸಂಜೆ ಮಾವ ಬಂದವನೇ ಕಪ್ಪು ಇಟ್ಟು ನೋಡಿದ. ಜಾರಲಿಲ್ಲ.

“ಕಲ್ಲು ಮುಟ್ಟಿದ್ದೇನು?”

“ಕಾಲು ಸರಿ ಮಾಡಿಸ್ದೆ.”

“ತಿರುವಿದೇನು?”

“ಇಲ್ಲ.”

“ಛಲೋ ಆತು,” ಎಂದು ಮಾವ ಬಶಿಗೆ ಚಹ ಸುರುವಿ ನನ್ನ ಕಡೆ ಸರಿಸಿದ.

ಎಮ್ಮೆ ಯಾವ ಹೊತ್ತಿಗೆ ಕುಡಿಯಿತು, ಹಳ್ಳ ಮೊದಲು ಎಷ್ಟು ಆಳ ಇತ್ತು, ಕಾಯಿ ಒಡೆದ ದಿನ ನಾನು ಯಾವ ಕಡೆ ನೋಡುತ್ತಿದ್ದೆ, ಇವು ಯಾವುದನ್ನೂ ನಾನು ಖಾತ್ರಿಯಾಗಿ ಹೇಳಲಾರೆ. ಅಕ್ಷರಕ್ಕೆ ಅಕ್ಷರ ಹೋಲಿಸಿ ಖಚಿತ ಮಾಡಿಕೊಂಡದ್ದು ಒಂದೇ: ಹಳ್ಳಕ್ಕೆ ಫರಸಿ ಹಾಸೋಣ ಎಂದವನು ನಾನು.